ಪರೀಕ್ಷೆಗೆ ಮುಂಚೆ ಆಕ್ಸಿಜನ್ ಎಳೆದುಕೊಂಡರೆ ಓದಿದ್ದು ನೆನಪಿಗೆ ಬರುತ್ತದಾ?

ನಿಮ್ಮ ಶಿರಸಿ ಮನೆಯಲ್ಲಿ ಅಜ್ಜನಿಗೆ ತಂದ ಆಕ್ಸಿಜನ್ ಮಷಿನ್ ಇದೆ. ಪಿಯುಸಿ ಪರೀಕ್ಷೆಗೆ ಹೊರಡುವ ಮುಂಚೆ ಸ್ವಲ್ಪ ಹೊತ್ತು ಅದನ್ನು ಹಾಕಿಕೊಂಡರೆ ಓದಿದ್ದೆಲ್ಲ ನೆನಪಾಗುತ್ತದಾ ಅಂತ ಕೇಳಿದ್ದೀರಿ. ಆಗುವುದಿಲ್ಲ. ಆದರೆ ಪ್ರಶ್ನೆ ಒಳ್ಳೆಯದು. ಇದರ ಮೇಲೆ ಪ್ರಯೋಗಗಳೇ ನಡೆದಿವೆ.

1990ರ ದಶಕದಲ್ಲಿ ಇಂಗ್ಲೆಂಡಿನ ನಾರ್ಥಂಬ್ರಿಯಾ ವಿಶ್ವವಿದ್ಯಾಲಯದಲ್ಲಿ ಮಾರ್ಕ್ ಮಾಸ್ ಮತ್ತು ಆಂಡ್ರ್ಯೂ ಶೋಲಿ ಆರೋಗ್ಯವಂತ ಯುವಕರಿಗೆ ಸ್ವಲ್ಪ ಹೊತ್ತು ಶುದ್ಧ ಆಕ್ಸಿಜನ್ ಕೊಟ್ಟು, ಪದಗಳ ಪಟ್ಟಿ ಕೊಟ್ಟು, ಆಮೇಲೆ ನೆನಪಿದ್ದಷ್ಟು ಹೇಳಿಸಿದರು. ಪಟ್ಟಿ ನೋಡುವ ಹೊತ್ತಿಗೆ ಆಕ್ಸಿಜನ್ ಎಳೆದವರು ಜಾಸ್ತಿ ಪದ ಹೇಳಿದರು. ನೆನಪಿಸಿಕೊಳ್ಳುವ ಹೊತ್ತಿಗೆ ಕೊಟ್ಟಾಗ ಆ ಲಾಭ ಕಾಣಲಿಲ್ಲ. ಅಂದರೆ ಇದ್ದರೂ ಅದು ವಿಷಯ ತಲೆಗೆ ಇಳಿಯುವಾಗ, ಅದೂ ಕೆಲವೇ ನಿಮಿಷ. ಪರೀಕ್ಷೆ ಹಾಲಿನಲ್ಲಿ ನಿಮಗೆ ಬೇಕಾದದ್ದು ಹೊರಗೆ ತೆಗೆಯುವ ಕೆಲಸ, ಅಲ್ವಾ?

ನಾನು ಮುರುಡೇಶ್ವರದಿಂದ ನೇತ್ರಾಣಿ ದ್ವೀಪಕ್ಕೆ ಜನರನ್ನು ಡೈವಿಂಗಿಗೆ ಕರೆದೊಯ್ಯುವವನು. ಬೆನ್ನಿಗೆ ಕಟ್ಟುವ ಸಿಲಿಂಡರಿನಲ್ಲಿ ಆಕ್ಸಿಜನ್ ಇದೆ ಅಂತಲೇ ಸುಮಾರು ಜನ ಅಂದುಕೊಂಡಿರುತ್ತಾರೆ. ಅದರಲ್ಲಿರುವುದು ಒತ್ತಿ ತುಂಬಿದ ಮಾಮೂಲಿ ಗಾಳಿ, 21% ಆಕ್ಸಿಜನ್. ಶುದ್ಧ ಆಕ್ಸಿಜನ್ ಎಳೆಯುತ್ತಾ 6 ಮೀಟರಿಗಿಂತ ಕೆಳಗೆ ಹೋದರೆ ಫಿಟ್ಸ್ ಬರುವ ಅಪಾಯವಿದೆ.

ಅಜ್ಜನ ಬೆರಳಿಗೆ ಹಾಕುವ ಆಕ್ಸಿಮೀಟರನ್ನು ನಿಮ್ಮ ಬೆರಳಿಗೆ ಹಾಕಿ ನೋಡಿ. 97, 98 ತೋರಿಸುತ್ತದೆ. ಅಂದರೆ ನಿಮ್ಮ ರಕ್ತದಲ್ಲಿ ಆಕ್ಸಿಜನ್ ಆಗಲೇ ಹೆಚ್ಚುಕಮ್ಮಿ ತುಂಬಿದೆ. 100 ಮಿಲಿ ರಕ್ತದಲ್ಲಿ ಸುಮಾರು 20 ಮಿಲಿ ಆಕ್ಸಿಜನ್ ಇರುತ್ತದೆ. ಬಿಗಿಯಾದ ಮಾಸ್ಕಿನಲ್ಲಿ ಪೂರ್ತಿ ಶುದ್ಧ ಆಕ್ಸಿಜನ್ ಎಳೆದರೂ ಅದಕ್ಕೆ ಇನ್ನೊಂದೆರಡು ಮಿಲಿ ಸೇರಬಹುದು. ಮೂಗಿನ ನಳಿಕೆಯಲ್ಲಿ ಅಷ್ಟೂ ಸಿಗುವುದಿಲ್ಲ. ಪಕ್ಕದ ಗಾಳಿ ಬೆರೆತು, ನಿಮಿಷಕ್ಕೆ 2 ಲೀಟರ್ ಇಟ್ಟಾಗ ಒಳಗೆ ಹೋಗುವುದು 28% ಆಸುಪಾಸು. ನಳಿಕೆ ತೆಗೆದ ಸ್ವಲ್ಪ ಹೊತ್ತಿಗೆ ಅದೂ ಇಳಿದುಹೋಗುತ್ತದೆ. ದೇಹದಲ್ಲಿ ಆಕ್ಸಿಜನ್ ಕೂಡಿಡಲು ಜಾಗವೇ ಇಲ್ಲ.

ಅಜ್ಜನ ವಿಷಯ ಬೇರೆ. ರಕ್ತದಲ್ಲಿ ಆಕ್ಸಿಜನ್ ಕಡಿಮೆ ಇದ್ದವರಿಗೆ ಮಂಕು, ಮರೆವು ನಿಜವಾಗಿಯೂ ಬರುತ್ತದೆ. ಆ ನಳಿಕೆ ಅವರ ಮೂಗಿನಲ್ಲೇ ಇರಲಿ. ಡಾಕ್ಟರ್ ಹೇಳಿದಷ್ಟೇ ಲೀಟರ್ ಇಡಿ. ಕೆಲವು ಶ್ವಾಸಕೋಶದ ಕಾಯಿಲೆಗಳಲ್ಲಿ ಆಕ್ಸಿಜನ್ ಜಾಸ್ತಿಯಾದರೆ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಏರಿ ತೂಕಡಿಕೆ ಹತ್ತುತ್ತದೆ. ದೇವರ ದೀಪ, ಊದುಬತ್ತಿ ಆ ಕೋಣೆಯಲ್ಲಿ ಬೇಡವೇ ಬೇಡ.