ಹಿತ್ತಾಳೆ ಬೀಗದ ಕೈಗೆ ಸಾಂದ್ರತೆ 10.75 ಬಂದಿದ್ದು ಯಾಕೆ?

ಸಾಂದ್ರತೆ ಅಂದರೆ ತೂಕವನ್ನು ಗಾತ್ರದಿಂದ ಭಾಗಿಸಿದ್ದು. ನಿಮ್ಮ ಬೀಗದ ಕೈಯ 43 ಗ್ರಾಂ ತೂಕದ ಬಗ್ಗೆ ನನಗೆ ಅನುಮಾನವಿಲ್ಲ. ಎಡವಟ್ಟಾಗಿರುವುದು ಗಾತ್ರದಲ್ಲಿ. ಅದನ್ನು ಮುಳುಗಿಸಿದಾಗ ಅಳತೆ ಜಾಡಿಯಲ್ಲಿ ನೀರು 4 ಮಿಲಿ ಏರಿತು ಅಂದಿರಿ. ಅದು 5 ಆಗಿದ್ದರೆ ಉತ್ತರ 8.6, ಹಿತ್ತಾಳೆಗೆ ಸರಿಹೋಗುತ್ತದೆ. ಒಂದೇ ಮಿಲಿ ಎಷ್ಟು ವ್ಯತ್ಯಾಸ ಮಾಡುತ್ತದೆ, ಅಲ್ವಾ?

ಜಾಡಿ ಬಿಡಿ. 0.1 ಗ್ರಾಂ ತೋರಿಸುವ ತಕ್ಕಡಿ ಮೇಲೆ ನೀರಿನ ಲೋಟ ಇಟ್ಟು ಸೊನ್ನೆ ಮಾಡಿ. ಬೀಗದ ಕೈಯನ್ನು ತೆಳು ದಾರಕ್ಕೆ ಕಟ್ಟಿ ಪೂರ್ತಿ ಮುಳುಗಿಸಿ, ದಾರ ಹಿಡಿದೇ ಇರಿ. ತಳಕ್ಕೆ ತಾಗಬಾರದು. ಈಗ ಕಾಣುವ ಗ್ರಾಂ ಎಷ್ಟೋ, ಗಾತ್ರವೂ ಅಷ್ಟೇ ಘನ ಸೆಂಟಿಮೀಟರ್. ನೀರು ಅದನ್ನು ಎಷ್ಟು ಮೇಲಕ್ಕೆ ನೂಕುತ್ತದೋ ಅಷ್ಟೇ ಭಾರ ತಕ್ಕಡಿ ಮೇಲೆ ಬೀಳುತ್ತದೆ. ಆರ್ಕಿಮಿಡೀಸ್ ತತ್ವ ಹೀಗೆ ಕಣ್ಣೆದುರೇ ಕಾಣುವುದು ನನಗೆ ತುಂಬಾ ಇಷ್ಟ. ಗುಳ್ಳೆ ಅಂಟಿದ್ದರೆ ಒರೆಸಿಬಿಡಿ, ಇಲ್ಲದಿದ್ದರೆ ಗಾತ್ರ ಜಾಸ್ತಿ ಬರುತ್ತದೆ.