ಕಣಜದ ಗೋಡೆಯ ಇದ್ದಿಲ ಗೆರೆ

ಸಾಗರದ ಕಡೆಯ ಓದುಗರೊಬ್ಬರ ಪತ್ರ: "ಅಜ್ಜನ ಕಾಲದ ಕಣಜದ ಕೋಣೆಗೆ ದೀಪಾವಳಿಯೊಳಗೆ ಬಣ್ಣ ಹೊಡೆಸಬೇಕು. ಹಳೇ ಸುಣ್ಣ ಕೆರೆದರೆ ಇದ್ದಿಲ ಗೆರೆಗಳು ಸಾಲಾಗಿ ಕಂಡವು. ಒಕ್ಕಲುಗಳು ಜಮೀನಿನ ಬಾಡಿಗೆಯಾಗಿ ಅಳೆದುಕೊಟ್ಟ ಗೇಣಿ ಭತ್ತದ ಲೆಕ್ಕ ಅಂದರು ಸೋದರತ್ತೆ. ಪುಟ್ಟಿ ಹಾಕಿ ಮುಚ್ಚಲಾ? ಯಾವ ಪೇಂಟ್ ಒಳ್ಳೆಯದು?"

ಪೇಂಟಿನ ಮಾತು ಮೊದಲು ಮುಗಿಸೋಣ. ಪ್ಲಾಸ್ಟಿಕ್ ಪೇಂಟ್ ಒರೆಸಲು ಸುಲಭ, ನೋಡಲೂ ಚೆಂದ, ಒಪ್ಪಿದೆ. ಆದರೆ ನಿಮ್ಮದು ಮಣ್ಣಿನ ಗೋಡೆ, ಮಳೆಗಾಲದಲ್ಲಿ ತೇವ ಕುಡಿದು ಬೇಸಿಗೆಯಲ್ಲಿ ಬಿಡುತ್ತದೆ. ಮೇಲೆ ಪ್ಲಾಸ್ಟಿಕ್ ಬಳಿದರೆ ತೇವಕ್ಕೆ ದಾರಿಯಿಲ್ಲ, ಹಪ್ಪಳದ ಹಾಗೆ ಉಬ್ಬಿ ಗಾರೆಯನ್ನೂ ಕಿತ್ತುಕೊಂಡು ಬರುತ್ತದೆ. ನಮ್ಮ ಮನೆಯ ಹಿಂದಿನ ಕೋಣೆಯಲ್ಲಿ ಆದದ್ದು ಇದೇ. ಹತ್ತು ವರ್ಷ ಗ್ಯಾರಂಟಿ ಅಂದಿದ್ದ ಪೇಂಟರು ಆಮೇಲೆ ಫೋನೇ ಎತ್ತಲಿಲ್ಲ. ಸುಮ್ನೆ ಸುಣ್ಣ ಹೊಡೆಸಿ.

ಆದರೆ ಆ ಗೆರೆ ಮುಚ್ಚಬೇಡಿ ಮಾರಾಯರೆ! ಗೇಣಿ ಭತ್ತ ಅಳೆಯುತ್ತಿದ್ದ ಪಾತ್ರೆ ಕೊಳಗ, 20 ಕೊಳಗಕ್ಕೆ ಒಂದು ಖಂಡುಗ. ಅಳೆಯುವವರು 'ಒಂದು' ಅನ್ನುವುದಿಲ್ಲ, 'ಲಾಭ' ಅಂತ ಶುರು ಮಾಡಿ ಎರಡು, ಮೂರು ಅಂತ ಹೋಗುತ್ತಾರೆ. ಲಾಭ ಯಾರಿಗೆ ಅಂತ 1951ರಲ್ಲಿ ನಿಮ್ಮದೇ ತಾಲ್ಲೂಕಿನ ಕಾಗೋಡಿನ ಗೇಣಿದಾರರು ಕೇಳಿದರು. ಒಡೆಯರು ಅಳೆದುಕೊಳ್ಳುವ ಕೊಳಗ 3 ಸೇರಿಗಿಂತ ದೊಡ್ಡದು ಅನ್ನುವುದೇ ಜಗಳ. ಸಮಾಜವಾದಿ ನಾಯಕ ರಾಮಮನೋಹರ ಲೋಹಿಯಾ ಅವರೂ ಬಂದು ಬಂಧನಕ್ಕೊಳಗಾದರು. 1974ರಲ್ಲಿ ಭೂಸುಧಾರಣೆ ಬಂದ ಮೇಲೆ ಗೇಣಿಯೇ ಹೋಯಿತು. ನಿಮ್ಮ ಗೋಡೆಯಲ್ಲಿ ಗೆರೆ ಎಲ್ಲಿ ನಿಂತಿದೆ, ಒಮ್ಮೆ ನೋಡಿ.

ಅಜ್ಜ ಧಾರಾಳಿ ಅಂತಲೂ ಬರೆದಿದ್ದೀರಿ. ಇರಬಹುದು. ಭತ್ತ ಹೊತ್ತು ತಂದವರ ಕಡೆ ಲೆಕ್ಕದ ಪುಸ್ತಕ ಎಲ್ಲಿಂದ ಬರಬೇಕು? ಕಾಗೋಡಿನ ಗೇಣಿದಾರರಲ್ಲಿ ಹೆಚ್ಚಿನವರು ದೀವರ ಸಮುದಾಯದವರು. ಅವರ ಮನೆಯ ಹೆಣ್ಣುಮಕ್ಕಳು ಕೆಮ್ಮಣ್ಣು ಬಳಿದ ಗೋಡೆ ಮೇಲೆ ಪುಂಡಿನಾರಿನ ಕುಂಚ, ಅಕ್ಕಿಹಿಟ್ಟು ಹಿಡಿದು ಹಸೆ ಚಿತ್ತಾರ ಬರೆದವರು. ಆ ಗೆರೆಗೆ ಈಗ ಫ್ರೇಮ್ ಹಾಕಿಸಿ ಹೋಮ್‌ಸ್ಟೇಯಲ್ಲಿ ತೂಗುಹಾಕುತ್ತೇವೆ. ಅದೇ ಜನ ಹೊತ್ತ ಭತ್ತದ ಗೆರೆಗೆ ಪುಟ್ಟಿ! ನಮಗೆ ಹಳೆಯದೂ ಹೊಳೆಯಬೇಕು, ಅಲ್ವಾ? ಕಲ್ಲಿನ ದೇವಸ್ಥಾನಕ್ಕೆ ಎನಾಮೆಲ್ ಬಳಿದವರು, ಶಾಸನದ ಕಲ್ಲಿನ ಮೇಲೆ ಬಟ್ಟೆ ಒಗೆದವರು ನಾವು. ನಿಮ್ಮೊಬ್ಬರನ್ನೇ ಬೈದು ಏನು ಬಂತು, ನೀವಾದರೂ ಕೇಳಿ ಬರೆದಿರಿ.

ಮೂರು ಗೋಡೆಗೆ ಸುಣ್ಣ ಸಾಕು, ಗೆರೆಯಿರುವ ಗೋಡೆ ಹಾಗೇ ಇರಲಿ. ಹಬ್ಬಕ್ಕೆ ಸೋದರತ್ತೆಯನ್ನು ಅದರ ಮುಂದೆ ಕೂರಿಸಿ ಯಾವ ಸಾಲು ಯಾರ ಮನೆಯದ್ದು ಅಂತ ಕೇಳಿ, ಬರೆದು ಕಳಿಸಿ. ಹೆಸರು ಬಿಡಬೇಡಿ.