ಓದುಗರ ಪ್ರಶ್ನೆ: ಪ್ರದರ್ಶನಕ್ಕಾಗಿ ಆಕಾಶ ಮುಚ್ಚುವುದು ಸರಿಯೇ?

ಪ್ರಶ್ನೆ: ಬೆಂಗಳೂರಿನ ವೈಮಾನಿಕ ಪ್ರದರ್ಶನ ಏರೋ ಇಂಡಿಯಾದ ದಿನಗಳಲ್ಲಿ ಮಗಳನ್ನು ದೆಹಲಿ ವಿಮಾನಕ್ಕೆ ಬಿಡಲು ನಸುಕಿನಲ್ಲೇ ಹೊರಟು, ಚನ್ನರಾಯಪಟ್ಟಣ, ನೆಲಮಂಗಲ ದಾಟಿ ದೇವನಹಳ್ಳಿ ತಲುಪಿದೆವು. ವಿಮಾನ ಮೂರು ಗಂಟೆ ತಡವೆಂಬುದು ಅಲ್ಲಿಯೇ ತಿಳಿಯಿತು. ಒಂದು ಪ್ರದರ್ಶನಕ್ಕಾಗಿ ಪ್ರಯಾಣಿಕ ವಿಮಾನಗಳಿಗೆ ಆಕಾಶ ಮುಚ್ಚಿ ಇಷ್ಟು ಜನರನ್ನು ಕಾಯಿಸಬೇಕೇ?
– ಓದುಗರೊಬ್ಬರು, ಹಾಸನ

ಉತ್ತರ: ಆಕಾಶ ಮುಚ್ಚಿದ್ದು ಸರಿ, ನಿಮಗೆ ಮೊದಲೇ ತಿಳಿಸದೆ ಇದ್ದದ್ದು ತಪ್ಪು. ಪ್ರದರ್ಶನ ನಡೆಯುವ ಯಲಹಂಕದ ವಾಯುನೆಲೆ ಮತ್ತು ದೇವನಹಳ್ಳಿಯ ಕೆಂಪೇಗೌಡ ವಿಮಾನ ನಿಲ್ದಾಣ ಎರಡೂ ಬೆಂಗಳೂರಿನ ಉತ್ತರಕ್ಕೆ ಹತ್ತಿರ ಹತ್ತಿರವಿದ್ದು, ಎರಡರ ಓಡುಹಾದಿಗಳೂ ಪೂರ್ವ–ಪಶ್ಚಿಮವಾಗಿ ಚಾಚಿವೆ. ಪ್ರಯಾಣಿಕ ವಿಮಾನಗಳನ್ನು ಒಂದರ ಮೇಲೊಂದು ಸಾವಿರ ಅಡಿ ಅಂತರದಲ್ಲಿ ನಡೆಸುವುದು ವಾಡಿಕೆ. ನೆಟ್ಟಗೆ ಮೇಲೇರುವ ಯುದ್ಧವಿಮಾನಕ್ಕೆ ಆ ಅಂತರ ಕೆಲವೇ ಸೆಕೆಂಡುಗಳ ದಾರಿ. 2019ರ ಫೆಬ್ರುವರಿ 19ರಂದು ವಾಯುಪಡೆಯ ಕಸರತ್ತಿನ ತಂಡ ಸೂರ್ಯಕಿರಣದ ಎರಡು ವಿಮಾನಗಳು ಯಲಹಂಕದ ಮೇಲೆ ಡಿಕ್ಕಿಯಾಗಿ ಒಬ್ಬ ಪೈಲಟ್ ಪ್ರಾಣ ಕಳೆದುಕೊಂಡದ್ದು ಪ್ರದರ್ಶನದ ದಿನವಲ್ಲ, ಅಭ್ಯಾಸದ ದಿನ. ಅಭ್ಯಾಸದ ಹೊತ್ತಿನಲ್ಲೂ ಆಕಾಶ ಮುಚ್ಚುವುದೇಕೆಂದು ಕೇಳುವವರಿಗೆ ನಾನು ಇದನ್ನೇ ನೆನಪಿಸುತ್ತೇನೆ.

ಇನ್ನೊಂದು ಮಾತು. ಏರೋ ಇಂಡಿಯಾ ಯಲಹಂಕದಲ್ಲಿ 1996ರಲ್ಲಿ ಶುರುವಾಯಿತು. ದೇವನಹಳ್ಳಿಯ ನಿಲ್ದಾಣ ತೆರೆದದ್ದು 2008ರಲ್ಲಿ. ಪ್ರದರ್ಶನ ಎರಡು ವರ್ಷಕ್ಕೊಮ್ಮೆ ಬರುತ್ತದೆ, ಮುಚ್ಚುವ ಗಂಟೆಗಳನ್ನು ವಿಮಾನಯಾನ ಸಂಸ್ಥೆಗಳಿಗೆ ನೋಟಾಮ್ ಎಂಬ ಸೂಚನೆಯ ಮೂಲಕ ಮುಂಚಿತವಾಗಿಯೇ ತಿಳಿಸಲಾಗುತ್ತದೆ. ಹೀಗಿರುವಾಗ ನಾಲ್ಕು ಗಂಟೆ ದಾರಿ ಸವೆಸಿ ಬರುವ ಹಾಸನದವರಿಗೆ ಹಿಂದಿನ ದಿನವೇ ಒಂದು ಸಂದೇಶ ಕಳಿಸಲು ಏನು ಕಷ್ಟ? ನನ್ನ ಸಿಟ್ಟು ಇರುವುದು ಅಲ್ಲಿ. ವಿಮಾನಯಾನ ನಿಯಂತ್ರಕ ಡಿಜಿಸಿಎಯ ನಿಯಮದಂತೆ ಎರಡೂವರೆ ಗಂಟೆಯೊಳಗಿನ ಹಾರಾಟ ಎರಡು ಗಂಟೆ ತಡವಾದರೆ, ಅದಕ್ಕಿಂತ ದೀರ್ಘವಾದದ್ದು ಐದು ಗಂಟೆಯವರೆಗಿದ್ದು ಮೂರು ಗಂಟೆ ತಡವಾದರೆ, ಸಮಯಕ್ಕೆ ಬಂದ ಪ್ರಯಾಣಿಕರಿಗೆ ಊಟ, ಉಪಾಹಾರ ಕೊಡಬೇಕು. ಅದನ್ನು ಸಂಕೋಚವಿಲ್ಲದೆ ಕೇಳಿ ಪಡೆಯಿರಿ. ಆದರೆ ಸಂಸ್ಥೆಯ ಕೈಮೀರಿದ ಕಾರಣಗಳಿಗೆ ನಗದು ಪರಿಹಾರ ಸಿಗುವುದಿಲ್ಲ. ಮುಂದಿನ ಸಲ ಫೆಬ್ರುವರಿಯ ಟಿಕೆಟ್ ಕಾಯ್ದಿರಿಸುವ ಮುನ್ನ ಪ್ರದರ್ಶನದ ದಿನಾಂಕ ನೋಡಿ, ಮುಂಜಾನೆಯ ಅಥವಾ ರಾತ್ರಿಯ ವಿಮಾನ ಹಿಡಿಯಿರಿ.

ಪ್ರಶ್ನೆ: ಏರೋ ಇಂಡಿಯಾಕ್ಕೆ ಮಕ್ಕಳನ್ನು ಕರೆದುಕೊಂಡು ಹೋಗಬಹುದೇ?
– ಓದುಗರೊಬ್ಬರು, ಚಿಕ್ಕಮಗಳೂರು

ಉತ್ತರ: ಖಂಡಿತ ಕರೆದೊಯ್ಯಿರಿ. 1988ರ ವೈಮಾನಿಕ ಪ್ರದರ್ಶನವೊಂದರಲ್ಲಿ ಜರ್ಮನಿಯ ರಾಮ್‌ಸ್ಟೈನ್‌ನಲ್ಲಿ ಮೂರು ವಿಮಾನಗಳು ಡಿಕ್ಕಿಯಾಗಿ ಪ್ರೇಕ್ಷಕರೂ ಸೇರಿ 70 ಜನ ಸತ್ತ ನಂತರ, ಜನರ ತಲೆಯ ಮೇಲೆ ಕಸರತ್ತು ಮಾಡಬಾರದೆಂಬ ಕಟ್ಟುಪಾಡು ಹಲವು ದೇಶಗಳಲ್ಲಿ ಬಿಗಿಯಾಯಿತು. ಟೋಪಿ, ನೀರು, ಮಕ್ಕಳ ಕಿವಿಗೆ ರಕ್ಷಣೆ ಬೇಕೇ ಬೇಕು, ಏಕೆಂದರೆ ಸುಖೋಯ್ ಯುದ್ಧವಿಮಾನ ಹತ್ತಿರ ಹಾದುಹೋದಾಗ ಸದ್ದು ಕಿವಿಗಿಂತ ಮೊದಲು ಎದೆಗೂಡಿಗೆ ಬಡಿಯುತ್ತದೆ. ನಾನು ಮೊದಲ ಸಲ ಹೋದಾಗ ಸದ್ದು ಬಂದ ಕಡೆಗೆ ತಲೆಯೆತ್ತಿ ನೋಡಿ ಬರಿಯ ಆಕಾಶ ಕಂಡಿದ್ದೆ. ಪಕ್ಕದಲ್ಲಿದ್ದ ಹಿರಿಯರೊಬ್ಬರು ನನ್ನ ಭುಜ ಹಿಡಿದು ತಿರುಗಿಸಿ, ಸದ್ದಿಗಿಂತ ಬಹು ಮುಂದೆ, ಸೂರ್ಯನ ಪಕ್ಕದಲ್ಲಿ ಮಿಂಚುತ್ತಿದ್ದ ಸಣ್ಣ ಚುಕ್ಕೆಯನ್ನು ತೋರಿಸಿದರು. ಮಕ್ಕಳಿಗೂ ಮೊದಲು ಅದನ್ನೇ ಹೇಳಿಕೊಡಿ.